ರಷ್ಯನ್ ಕಾದಂಬರಿಯೊಳಗೆ ಪ್ರೇಕ್ಷಕರನ್ನು ಕೂರಿಸುವುದು ಹೇಗೆ? ಹಾಡಿನ ನಾಟಕ ಕಟ್ಟುವವರಿಗೊಂದು ಮಾರ್ಗದರ್ಶಿ

ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ' ಸಾವಿರದ ಇನ್ನೂರು ಪುಟ ದಾಟುವ ಕಾದಂಬರಿ. ನ್ಯೂಯಾರ್ಕಿನ ಸಂಗೀತಗಾರ ಡೇವ್ ಮಲಾಯ್ ಅದನ್ನು ಹಾಡಿನ ನಾಟಕ ಮಾಡಲು ಹೊರಟಾಗ ಕೈಗೆತ್ತಿಕೊಂಡಿದ್ದು ಸುಮಾರು ಎಪ್ಪತ್ತು ಪುಟ ಮಾತ್ರ. ಒಂದೂ ಯುದ್ಧ ಇಲ್ಲ. ನೆಪೋಲಿಯನ್ ಇಲ್ಲ. ನತಾಶಾ ಎಂಬ ಹುಡುಗಿ ಮಾಸ್ಕೋಗೆ ಬಂದು, ಕೆಲವೇ ದಿನಗಳಲ್ಲಿ ತನ್ನ ನಿಶ್ಚಿತಾರ್ಥ, ಹೆಸರು, ನೆಮ್ಮದಿ ಎಲ್ಲ ಕಳೆದುಕೊಳ್ಳುವ ಕಥೆ ಅಷ್ಟೇ. 'ನತಾಶಾ, ಪಿಯರ್ ಅಂಡ್ ದ ಗ್ರೇಟ್ ಕಾಮೆಟ್ ಆಫ್ 1812' ಎಂಬ ಈ ನಾಟಕ 2012ರಲ್ಲಿ ಆರ್ಸ್ ನೋವಾ ಎಂಬ ಪುಟ್ಟ ರಂಗಮಂದಿರದಲ್ಲಿ ಶುರುವಾಯಿತು. ನಿರ್ದೇಶನ ರೇಚಲ್ ಚಾವ್ಕಿನ್ ಅವರದು. ಪ್ರೇಕ್ಷಕರು ಊಟದ ಮೇಜುಗಳ ಸುತ್ತ ಕೂತಿದ್ದರು, ನಟರು ಅವರ ಮಧ್ಯೆಯೇ ಹಾಡುತ್ತಾ ಓಡಾಡಿದರು. 2013ರಲ್ಲಿ ಅದಕ್ಕೆಂದೇ ಒಂದು ಡೇರೆ ಹಾಕಿ, 'ಕಜೀನೋ' ಅಂತ ಹೆಸರಿಟ್ಟು, ರಷ್ಯನ್ ಕ್ಲಬ್ಬಿನ ಹಾಗೆ ಸಿಂಗರಿಸಿದರು. 2016ರಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ಇಂಪೀರಿಯಲ್ ಥಿಯೇಟರಿಗೆ ಹೋದಾಗ ವೇದಿಕೆಯ ಮೇಲೂ ಪ್ರೇಕ್ಷಕರನ್ನು ಕೂರಿಸಿದರು. ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗೆ 12 ನಾಮನಿರ್ದೇಶನ ಸಿಕ್ಕವು. ಗೆದ್ದಿದ್ದು ಎರಡು: ಮಿಮಿ ಲಿಯೆನ್ ಅವರ ರಂಗಸಜ್ಜಿಕೆ, ಬ್ರಾಡ್ಲಿ ಕಿಂಗ್ ಅವರ ಬೆಳಕು. ಎರಡೂ ಜಾಗಕ್ಕೆ ಸಂದ ಪ್ರಶಸ್ತಿ ಅಂತಲೇ ನಾನು ಓದಿಕೊಳ್ಳುತ್ತೇನೆ.

ಈ ನಾಟಕದಿಂದ ಕಲಿಯಬೇಕಾದ ಮುಖ್ಯ ವಿಷಯ ಒಂದಿದೆ. ಪ್ರೇಕ್ಷಕರು ಈ ಕಥೆಯಲ್ಲಿ ಯಾರು? ಅದನ್ನು ಮೊದಲು ತೀರ್ಮಾನ ಮಾಡಿ. ಯಾವ ಭಾಗ, ಯಾವ ಜಾಗ, ಎಂಥ ಸಂಗೀತ, ಎಷ್ಟು ಟಿಕೆಟ್, ಎಲ್ಲ ಆಮೇಲೆ. ಮಲಾಯ್ ನಾಟಕದಲ್ಲಿ ಪ್ರೇಕ್ಷಕರು ಮಾಸ್ಕೋದ ಉಳ್ಳವರ ಗುಂಪು. ತಿನ್ನುತ್ತಾ ಕುಡಿಯುತ್ತಾ ಕೂತವರು. ನತಾಶಾಳ ಮಾನ ಹೋಗುವಾಗ ಸುತ್ತ ನಿಂತು ನೋಡುವುದು ಅದೇ ಗುಂಪು. ಹೀಗಾಗಿ ಆ ತಿಂಡಿ, ಆ ಕೆಂಪು ಪರದೆ, ಆ ದೀಪ ಯಾವುದೂ ಸುಮ್ನೆ ಅಲಂಕಾರ ಆಗಿ ಉಳಿಯುವುದಿಲ್ಲ.

ಬರೀ ತತ್ವ ಹೇಳಿದರೆ ಉಪಯೋಗವಿಲ್ಲ. ಒಂದು ದೃಶ್ಯ ಹಿಡಿದುಕೊಂಡು ಕಟ್ಟೋಣ. ದಾಸ್ತಯೆವ್ಸ್ಕಿ ಅವರ 'ಈಡಿಯಟ್' ಕಾದಂಬರಿಯ ಮೊದಲ ಭಾಗದ ಕೊನೆ: ನಸ್ತಾಸ್ಯಾ ಫಿಲಿಪೊವ್ನಾಳ ಹುಟ್ಟುಹಬ್ಬದ ರಾತ್ರಿ.

ಹೆಜ್ಜೆ 1: ತುಂಡು ಆರಿಸಿ

ಇಡೀ ಕಾದಂಬರಿ ತರಲು ಹೋಗಬೇಡಿ. ರಷ್ಯನ್ ಕಾದಂಬರಿಗಳು ಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದವು, ಒಳಗೆ ಹತ್ತು ಕಥೆ ಇರುತ್ತವೆ. ನಿಮಗೆ ಬೇಕಾದ ತುಂಡಿಗೆ ಮೂರು ಗುಣ ಇರಲಿ. ಕೆಲವೇ ಕೋಣೆಗಳಲ್ಲಿ ನಡೆಯಬೇಕು. ಕಡಿಮೆ ಸಮಯದಲ್ಲಿ ಮುಗಿಯಬೇಕು. ಒಬ್ಬರು ಎಲ್ಲರ ಎದುರು ಒಂದು ತೀರ್ಮಾನ ತೆಗೆದುಕೊಳ್ಳಬೇಕು.

ನಸ್ತಾಸ್ಯಾಳ ರಾತ್ರಿಯಲ್ಲಿ ಮೂರೂ ಇವೆ. ಪೀಟರ್ಸ್‌ಬರ್ಗಿನ ಒಂದು ಮನೆ, ಒಂದು ಸಂಜೆ. ಅವಳಿಗೆ ಇಪ್ಪತ್ತೈದು ತುಂಬಿದ ದಿನ. ಅವಳನ್ನು ಹರೆಯದಿಂದ ಇಟ್ಟುಕೊಂಡಿದ್ದ ತೋತ್ಸ್ಕಿಗೆ ಈಗ ಅವಳು ತೊಲಗಬೇಕು. 75,000 ರೂಬಲ್ ಕೊಟ್ಟು ಗಾನ್ಯಾ ಎಂಬ ಗುಮಾಸ್ತನಿಗೆ ಕಟ್ಟುವ ಯೋಚನೆ. ಉತ್ತರ ಇವತ್ತು ಕೊಡುತ್ತೇನೆ ಅಂದಿದ್ದಾಳೆ. ಕಾದಂಬರಿಯ ನಾಯಕ ಮಿಶ್ಕಿನ್ ಕರೆಯದೇ ಬರುತ್ತಾನೆ. ಅವಳ ಹುಚ್ಚು ಹಿಡಿದ ವ್ಯಾಪಾರಿಯ ಮಗ ರಗೋಜಿನ್ ತನ್ನ ಪಟಾಲಂ ಕಟ್ಟಿಕೊಂಡು ಒಂದು ಲಕ್ಷ ರೂಬಲ್ ತರುತ್ತಾನೆ. ಅವಳು ಆ ಹಣವನ್ನು ಬೆಂಕಿಗೆ ಎಸೆದು, ಬರಿಗೈಯಲ್ಲಿ ತೆಗೆದರೆ ಎಲ್ಲ ನಿನ್ನದೇ ಅಂತ ಗಾನ್ಯಾಗೆ ಹೇಳುತ್ತಾಳೆ. ಎಲ್ಲರೂ ಸಾಕ್ಷಿ ಅಂತಲೂ ಸೇರಿಸುತ್ತಾಳೆ.

ಆ ಕೊನೆಯ ಮಾತು ನೋಡಿ. ಪ್ರೇಕ್ಷಕರಿಗೆ ಕೆಲಸ ಕಾದಂಬರಿಯೇ ಕೊಟ್ಟುಬಿಟ್ಟಿದೆ. ನಿಮ್ಮ ಪ್ರೇಕ್ಷಕರು ಹುಟ್ಟುಹಬ್ಬಕ್ಕೆ ಬಂದ ಅತಿಥಿಗಳು, ಬೆಂಕಿಗೆ ಸಾಕ್ಷಿಗಳು. ಇದನ್ನು ಒಂದು ಸಾಲಲ್ಲಿ ಬರೆದು ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿ. ಮುಂದೆ ಯಾವ ಜಗಳ ಬಂದರೂ ಆ ಸಾಲನ್ನು ಕೇಳಿ ಬಗೆಹರಿಸಿಕೊಳ್ಳಿ.

ಹೆಜ್ಜೆ 2: ಹಕ್ಕು ವಿಚಾರಿಸಿ

ಟಾಲ್‌ಸ್ಟಾಯ್ ತೀರಿಕೊಂಡಿದ್ದು 1910ರಲ್ಲಿ, ದಾಸ್ತಯೆವ್ಸ್ಕಿ 1881ರಲ್ಲಿ. ಮೂಲ ಕೃತಿಗೆ ಯಾರ ಅನುಮತಿಯೂ ಬೇಡ. ಅನುವಾದಕ್ಕೆ ಬೇಕು. ಭಾರತದಲ್ಲಿ ಅನುವಾದಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 'ಯುದ್ಧ ಮತ್ತು ಶಾಂತಿ'ಯನ್ನು ಓ.ಎಲ್. ನಾಗಭೂಷಣ ಸ್ವಾಮಿ ಕನ್ನಡಕ್ಕೆ ತಂದಿದ್ದಾರೆ. ಇಂಥ ಅನುವಾದದ ಸಾಲುಗಳನ್ನು ಹಾಡಿಗೆ ಬಳಸುವುದಾದರೆ ಮೊದಲೇ ಬರೆದು ಕೇಳಿ. ಮಲಾಯ್ ಅವರ ಹಾಡುಗಳೂ ಹಾಗೆಯೇ, ಪರವಾನಗಿ ಇಲ್ಲದೆ ಒಂದು ಹಾಡನ್ನೂ ಎತ್ತಿಕೊಳ್ಳುವಂತಿಲ್ಲ. ಕಲಿಯಬೇಕಾದ್ದು ಅವರ ದಾರಿ, ರಾಗ ನಿಮ್ಮದೇ ಇರಲಿ.

ಹೆಜ್ಜೆ 3: ಜಾಗ ಹುಡುಕಿ, ಅಲ್ಲಿ ಸುಮ್ನೆ ಕೂತು ನೋಡಿ

ಚಂದದ ಹಳೇ ಬಂಗಲೆ ಸಿಕ್ಕಿತು ಅಂತ ತಕ್ಷಣ ಮುಂಗಡ ಕೊಡಬೇಡಿ. ನಾಟಕ ನಡೆಯುವ ಹೊತ್ತಿಗೇ ಹೋಗಿ, ಒಂದು ಗಂಟೆ ಕೂತು ನೋಡಿ. ಪಕ್ಕದ ರಸ್ತೆಯ ಬಸ್ಸು ಕೇಳುತ್ತದಾ? ಮೇಲಿನ ಮಹಡಿಯಲ್ಲಿ ನಡೆದರೆ ಕೆಳಗೆ ಸದ್ದಾಗುತ್ತದಾ? ಕೋಣೆಯ ಮಧ್ಯೆ ಒಂದು ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಅಂತ ಉಳಿದರೆ ಅಲ್ಲಿ ವೇಗದ ಮಾತಿನ ಹಾಡು ಯಾರಿಗೂ ಅರ್ಥವಾಗುವುದಿಲ್ಲ. ದಪ್ಪ ಪರದೆ, ಜಮಖಾನ, ಬಟ್ಟೆಯ ಸೋಫಾ ತುಂಬಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ರಷ್ಯನ್ ದಿವಾನಖಾನೆಗೆ ಅವೆಲ್ಲ ಹೇಗೂ ಬೇಕು.

ಜಾಗಕ್ಕೆ ಬೇಕಾದ್ದು ಕಥೆಯಿಂದ ಬರಲಿ. ನಸ್ತಾಸ್ಯಾಳ ಮನೆಗೆ ನನ್ನ ಪಟ್ಟಿ ಹೀಗಿದೆ. ಒಂದು ದೊಡ್ಡ ಹಜಾರ. ಅದಕ್ಕೆ ತೆರೆದುಕೊಳ್ಳುವ ಎರಡು ಚಿಕ್ಕ ಕೋಣೆ. ಹೊರಬಾಗಿಲಿಂದ ಹಜಾರಕ್ಕೆ ಬರಲು ಒಂದಿಷ್ಟು ಉದ್ದದ ದಾರಿ, ಯಾಕೆಂದರೆ ರಗೋಜಿನ್ ಗುಂಪು ಕಾಣುವ ಮೊದಲೇ ಕೇಳಿಸಬೇಕು. ಬೆಂಕಿಗೂಡು ಇದ್ದರೆ ಸರಿ, ಇಲ್ಲದಿದ್ದರೆ ಕಟ್ಟಬಹುದು. ಹೊರಗೆ ಗಾಡಿ ನಿಲ್ಲುವ ಜಾಗ. ಇವೆಲ್ಲಕ್ಕಿಂತ ಮೊದಲು ಎರಡು ಬೇರೆ ಬೇರೆ ದಿಕ್ಕಿನ ಹೊರದಾರಿ, ಸಾಕಷ್ಟು ಶೌಚಾಲಯ. ಇವೆರಡು ಇಲ್ಲದ ಜಾಗ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಜನ ಎಷ್ಟು? ಕೂತವರಿಗೆ ತಲಾ ಒಂದು ಚದರ ಮೀಟರ್, ಓಡಾಡುವವರಿಗೆ ಅದರ ಎರಡರಷ್ಟು ಅಂತ ಇಟ್ಟುಕೊಳ್ಳಿ. ಅದರಲ್ಲಿ ನಟರ ದಾರಿ ಕಳೆಯಿರಿ. ಹಜಾರ 100 ಚದರ ಮೀಟರ್ ಇದ್ದರೆ 50 ಜನಕ್ಕಿಂತ ಜಾಸ್ತಿ ಬೇಡ.

ಮಾಸ್ಕೋದಲ್ಲಿ 2016ರಲ್ಲಿ ಪುಷ್ಕಿನ್ ಅವರ ಅಪೂರ್ಣ ಕಾದಂಬರಿ 'ದುಬ್ರೋವ್ಸ್ಕಿ'ಯನ್ನು ಹಳೆಯ ಬಂಗಲೆಯೊಂದರೊಳಗೆ 'ಕಪ್ಪು ರಷ್ಯನ್' ಎಂಬ ಹೆಸರಲ್ಲಿ ಆಡಿದರು. ನಿರ್ದೇಶಕರು ಮ್ಯಾಕ್ಸಿಮ್ ದಿದೆಂಕೊ. ಪ್ರೇಕ್ಷಕರು ಮುಖವಾಡ ಹಾಕಿಕೊಂಡು ಮನೆಯೊಳಗೆ ಓಡಾಡಿದರು. ಕಥೆಯೇ ಜಮೀನುದಾರನ ಮನೆಯ ಕಥೆ, ಮನೆ ತಾನಾಗಿ ಪಾತ್ರ ಆಯಿತು.

ನಮ್ಮಲ್ಲೂ ದೊಡ್ಡ ಉದಾಹರಣೆ ಇದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಇಡೀ ರಾತ್ರಿ ಆಡಿಸಿದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ, ಸಂಗೀತ ಹಂಸಲೇಖ. ಜನ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ಹೋಗುತ್ತಾ ಬೆಳಗಿನವರೆಗೆ ನೋಡಿದರು. ಕನ್ನಡದ ಪ್ರೇಕ್ಷಕರಿಗೆ ಇದೆಲ್ಲ ಆಗಿಬರುವುದಿಲ್ಲ ಅನ್ನುವವರಿಗೆ ಇದನ್ನು ನೆನಪಿಸಿ.

ಹೆಜ್ಜೆ 4: ಹೆಸರುಗಳ ಗೋಜಲು ಬಿಡಿಸಿ

ಗಾನ್ಯಾ, ಗವ್ರಿಲಾ ಅರ್ದಲಿಯೊನೊವಿಚ್, ಇವೋಲ್ಗಿನ್. ಮೂರೂ ಒಬ್ಬನೇ! ಓದುವವರು ಹಿಂದಿನ ಪುಟ ತಿರುವಬಹುದು, ನೋಡುವವರಿಗೆ ಆ ಅನುಕೂಲ ಇಲ್ಲ. ಒಬ್ಬರಿಗೆ ಒಂದೇ ಹೆಸರು ಇರಲಿ. ಮಲಾಯ್ ನಾಟಕದ ಮೊದಲ ಹಾಡೇ ಪಾತ್ರ ಪರಿಚಯ. ಪ್ರತಿ ಪಾತ್ರಕ್ಕೂ ಒಂದೆರಡು ಪದದ ಗುರುತು ಕೊಟ್ಟು, ಹೊಸಬರು ಬಂದಂತೆ ಹಿಂದಿನವರ ಹೆಸರನ್ನೂ ಮತ್ತೆ ಸೇರಿಸಿ ಹಾಡುತ್ತಾರೆ. ನಿಮ್ಮಲ್ಲಿ ಇದನ್ನು ಬಾಗಿಲಲ್ಲೇ ಮಾಡಿ. ಕಾದಂಬರಿಯಲ್ಲಿ ಕಾತ್ಯಾ ಎಂಬ ಕೆಲಸದವಳಿದ್ದಾಳೆ. ಅವಳು ಪ್ರೇಕ್ಷಕರ ಕೋಟು, ಚೀಲ ಇಸಿದುಕೊಳ್ಳುತ್ತಾ ಒಳಗೆ ಯಾರ್ಯಾರು ಬಂದಿದ್ದಾರೆ, ಯಾರಿಗೆ ಯಾರ ಮೇಲೆ ಕಣ್ಣು ಅಂತ ಹಾಡಿ ಹೇಳಲಿ. ಮೊಬೈಲನ್ನೂ ಅವಳೇ ಇಸಿದುಕೊಳ್ಳಲಿ, ಆಗ ಯಾರಿಗೂ ಬೇಸರ ಆಗುವುದಿಲ್ಲ.

ಹೆಜ್ಜೆ 5: ಗದ್ಯದಿಂದ ಹಾಡು

ಎಲ್ಲರೂ ಇಲ್ಲಿ ಪ್ರಾಸ ಹುಡುಕಲು ಹೋಗುತ್ತಾರೆ. ಬೇಡ. ಮಲಾಯ್ ಕಾದಂಬರಿಯ ಗದ್ಯವನ್ನು ಬಹುತೇಕ ಗದ್ಯವಾಗಿಯೇ ಹಾಡಿಸಿದರು. ಪಾತ್ರಗಳು ತಮ್ಮ ಬಗ್ಗೆ ತಾವೇ 'ಅವಳು ಎದ್ದಳು, ಕಿಟಕಿಯತ್ತ ನೋಡಿದಳು' ಅನ್ನುವ ಹಾಗೆ ಹೇಳಿಕೊಂಡು ಹಾಡುತ್ತವೆ. ಇದರಿಂದ ಕಾದಂಬರಿಕಾರನ ದನಿ ಉಳಿಯುತ್ತದೆ. ಪಾತ್ರ ಮಾಡಿದ್ದು ಒಂದು, ಒಳಗೆ ಅಂದುಕೊಂಡಿದ್ದು ಇನ್ನೊಂದು ಅಂತ ಎರಡನ್ನೂ ಒಟ್ಟಿಗೆ ತೋರಿಸಬಹುದು. ಕನ್ನಡದಲ್ಲಿ ಒಂದು ಎಚ್ಚರಿಕೆ: ಪ್ರತಿ ಸಾಲೂ 'ದಳು, ದನು' ಅಂತ ಮುಗಿದರೆ ಏಕತಾನ ಆಗುತ್ತದೆ. ಕ್ರಿಯಾಪದವನ್ನು ಆಗಾಗ ಸಾಲಿನ ಮಧ್ಯಕ್ಕೆ ತನ್ನಿ, ಮಾತಾಡುವಾಗ ನಾವು ಹಾಗೆ ಮಾಡುತ್ತೇವೆ ಅಲ್ವಾ?

ನಸ್ತಾಸ್ಯಾಳ ರಾತ್ರಿಯಲ್ಲಿ ಹಾಡಿನ ಜಾಗಗಳು ಸಿದ್ಧವಾಗಿಯೇ ಇವೆ. ಅತಿಥಿಗಳಲ್ಲೊಬ್ಬನಾದ ಫೆರ್ದಿಶ್ಚೆಂಕೊ ಒಂದು ಆಟ ಸೂಚಿಸುತ್ತಾನೆ: ಪ್ರತಿಯೊಬ್ಬರೂ ತಾವು ಜೀವನದಲ್ಲಿ ಮಾಡಿದ ಅತಿ ಕೆಟ್ಟ ಕೆಲಸ ಹೇಳಬೇಕು. ಅವನು ತಾನು ಮೂರು ರೂಬಲ್ ಕದ್ದು, ಆ ಅಪವಾದ ಮನೆಕೆಲಸದ ಹುಡುಗಿಯ ತಲೆಗೆ ಬಂದಿದ್ದನ್ನು ಹೇಳುತ್ತಾನೆ. ಜನರಲ್ ಯೆಪಾಂಚಿನ್ ಒಂದು ಬಟ್ಟಲಿಗಾಗಿ ಮುದುಕಿಯೊಬ್ಬಳನ್ನು ಬಾಯಿಗೆ ಬಂದಂತೆ ಬೈದದ್ದು, ಅವಳು ಅದೇ ಹೊತ್ತಿಗೆ ಸಾಯುತ್ತಿದ್ದದ್ದು. ತೋತ್ಸ್ಕಿ ಕೆಮೇಲಿಯಾ ಹೂವಿನ ಒಂದು ಹಗುರ ಕಥೆ ಹೇಳಿ ಜಾರಿಕೊಳ್ಳುತ್ತಾನೆ. ಅವನ ನಿಜವಾದ ಕೆಟ್ಟ ಕೆಲಸ ಎದುರಿಗೇ ಕೂತಿದೆ, ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಾ. ಮೂರು ಹಾಡು, ಮೂರು ಬಗೆ. ಮೊದಲನೆಯದು ಹೋಟೆಲಿನ ಕುಣಿತದ ಹಾಡಿನಂತೆ. ಎರಡನೆಯದು ನಿಧಾನ, ಕೊನೆಯಲ್ಲಿ ವಾದ್ಯ ನಿಲ್ಲಬೇಕು. ಮೂರನೆಯದಕ್ಕೆ ನಾಟಕದಲ್ಲೇ ಅತಿ ಇಂಪಾದ ರಾಗ ಹಾಕಿ. ಅವನು ಎಷ್ಟು ಚೆನ್ನಾಗಿ ಹಾಡುತ್ತಾನೋ ನಸ್ತಾಸ್ಯಾಳ ಮುಖ ನೋಡುವುದು ಅಷ್ಟು ಕಷ್ಟ ಆಗುತ್ತದೆ.

ಹಾಡದೇ ಬಿಡುವ ಜಾಗವನ್ನೂ ಈಗಲೇ ಗುರುತಿಸಿ. ಮಲಾಯ್ ನಾಟಕ ಪೂರ್ತಿ ಹಾಡು. ಕೊನೆಗೆ ನತಾಶಾಳ ಮನೆಯವರ ಗೆಳೆಯ ಪಿಯರ್ ನೊಂದ ನತಾಶಾಳ ಮುಂದೆ ನಿಂತು, ತಾನು ತಾನಾಗಿರದೆ ಲೋಕದ ಅತಿ ಚೆಲುವನೂ ಬುದ್ಧಿವಂತನೂ ಆಗಿದ್ದರೆ ಈ ಕ್ಷಣವೇ ಮಂಡಿಯೂರಿ ನಿನ್ನ ಕೈ ಕೇಳುತ್ತಿದ್ದೆ ಅನ್ನುತ್ತಾನೆ. ಆ ಮಾತನ್ನು ಮಾತ್ರ ಹಾಡದೆ ಮಾತಾಗಿ ಆಡುತ್ತಾನೆ. ಅಷ್ಟು ಹೊತ್ತಿನ ಸಂಗೀತದ ಮೇಲೆ ಒಂದು ಬರಿಯ ದನಿ! ನಿಮ್ಮ ನಾಟಕದಲ್ಲಿ ಅದು ಯಾವ ಮಾತು? ನಾನಾದರೆ ಮಿಶ್ಕಿನ್ ಅವಳನ್ನು ಮದುವೆಯಾಗುತ್ತೇನೆ ಅನ್ನುವ ಮಾತನ್ನು ಹಾಡಿಲ್ಲದೆ ಬಿಡುತ್ತೇನೆ.

ಹೆಜ್ಜೆ 6: ತಾಳ ಜಾರದಂತೆ ನೋಡಿಕೊಳ್ಳಿ

ವಾದ್ಯದವರನ್ನು ಕೋಣೆತುಂಬ ಹರಡುವುದು ಕೇಳಲು ಸುಖ, ಮಾಡಲು ಕಷ್ಟ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಮೀಟರ್ ದೂರದ ಪಿಟೀಲು ನಿಮಗೆ 29 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, 20 ಮೀಟರ್ ಆದರೆ 58. ಸುಮಾರು 30 ಮಿಲಿಸೆಕೆಂಡ್ ದಾಟಿದ ಮೇಲೆ ಒಬ್ಬರಿಗೊಬ್ಬರು ಕಾಯುತ್ತಾ ಹಾಡು ನಿಧಾನವಾಗಿ ಎಳೆಯತೊಡಗುತ್ತದೆ. ನಟರ ತಪ್ಪಲ್ಲ ಅದು, ಅಂತರದ ತಪ್ಪು.

ಪರಿಹಾರ ಇವೆ. ತಾಳವಾದ್ಯ ಮತ್ತು ಪಿಯಾನೊವನ್ನು ಜಾಗದ ನಡುವೆ ಇಡಿ. ದೂರದವರಿಗೆ ತಂತಿಯ ಇಯರ್‌ಫೋನಿನಲ್ಲಿ ಅದೇ ಸದ್ದು ಕೊಡಿ, ಬ್ಲೂಟೂತ್ ಬೇಡ, ಅದು ಇನ್ನಷ್ಟು ತಡ ಮಾಡುತ್ತದೆ. ಸಂಗೀತ ನಿರ್ದೇಶಕರ ಕೈ ಕಾಣುವಂತೆ ಎರಡು ಮೂಲೆಯಲ್ಲಿ ಪುಟ್ಟ ಪರದೆ ಇಡಿ. ಎಲ್ಲಕ್ಕಿಂತ ಸುಲಭದ ಉಪಾಯ ಬರವಣಿಗೆಯಲ್ಲೇ ಇದೆ: ಬಿಗಿ ತಾಳದ ಹಾಡುಗಳನ್ನು ಹತ್ತಿರ ನಿಂತವರಿಗೆ ಕೊಡಿ. ಜನ ದೂರ ದೂರ ಇರುವಾಗ ಶ್ರುತಿ ಹಿಡಿದ ನಿಧಾನದ ಆಲಾಪ ಇರಲಿ.

ಮೈಕು ಬೇಕೇ? ಐವತ್ತು ಜನದ ಹಜಾರಕ್ಕೆ ಬೇಡ. ಹತ್ತಿರದಲ್ಲಿ ನಿಂತು ಹಾಡುವವರ ದನಿ ಮೂಲೆಯ ಸ್ಪೀಕರಿನಿಂದ ಬಂದರೆ ಇಡೀ ಕಟ್ಟೋಣ ಬಿದ್ದುಹೋಗುತ್ತದೆ. ಬಯಲಲ್ಲಿ ಆಡುವುದಾದರೆ ಬೇಕಾಗುತ್ತದೆ. ಆಗ 2000ದ ಶಬ್ದಮಾಲಿನ್ಯ ನಿಯಮ ನೆನಪಿರಲಿ, ನಮ್ಮ ದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ.

ಪ್ರೇಕ್ಷಕರಿಗೂ ಸಂಗೀತದಲ್ಲಿ ಕೆಲಸ ಕೊಡಬಹುದು. ಮಲಾಯ್ ಮಾಸ್ಕೋದ ಒಂದು ಕೆಫೆಯಲ್ಲಿ ವಾದ್ಯದವರು ಮೇಜುಗಳ ನಡುವೆ ನುಡಿಸುವುದನ್ನೂ, ಗಿರಾಕಿಗಳು ಗಿಲಕಿ ಅಲ್ಲಾಡಿಸುವುದನ್ನೂ ನೋಡಿದ್ದರು. ಅದು ನಾಟಕದೊಳಗೆ ಬಂತು. ಮೊಟ್ಟೆಯಾಕಾರದ ಗಿಲಕಿಗಳನ್ನು ಜನರಿಗೆ ಹಂಚಿದರು.

ಹೆಜ್ಜೆ 7: ಬೆಂಕಿಯ ಕ್ಷಣವನ್ನು ಅಳತೆ ಹಾಕಿ ಕಟ್ಟಿ

ಜನ ಮನೆಗೆ ಹೋಗಿ ಮಾತಾಡುವುದು ಈ ಒಂದು ಕ್ಷಣದ ಬಗ್ಗೆ. ಜಾಸ್ತಿ ಸಮಯ ಇದಕ್ಕೇ ಕೊಡಿ.

ರಗೋಜಿನ್ ತಂದ ಹಣದ ಪೊಟ್ಟಣದ ಅಳತೆ ಕಾದಂಬರಿಯಲ್ಲೇ ಇದೆ. ಈಗಿನ ಲೆಕ್ಕದಲ್ಲಿ ಸುಮಾರು 13 ಸೆಂ.ಮೀ. ಎತ್ತರ, 18 ಸೆಂ.ಮೀ. ಉದ್ದ. 'ಬಿರ್ಜೆವಿಯೆ ವೆದಮಸ್ತಿ' ಎಂಬ ವ್ಯಾಪಾರದ ಪತ್ರಿಕೆಯಲ್ಲಿ ಸುತ್ತಿ, ಸಕ್ಕರೆ ಅಚ್ಚಿಗೆ ಕಟ್ಟುವಂಥ ದಾರದಿಂದ ಅಡ್ಡಡ್ಡ ಎರಡು ಸಲ ಬಿಗಿದಿರುತ್ತದೆ. ಇದೇ ಅಳತೆಯಲ್ಲಿ ಮಾಡಿ, ತೂಕ ಬರುವಂತೆ ಒಳಗೆ ಕಾಗದ ತುಂಬಿ. ಬೆಂಕಿಗೆ ಹೋಗುವ ಮೊದಲು ಅದು ಪ್ರೇಕ್ಷಕರ ಕೈಯಿಂದ ಕೈಗೆ ದಾಟಲಿ. ರಗೋಜಿನ್ ಗುಂಪಿನವನೊಬ್ಬ ಇಬ್ಬರು ಮೂವರ ಕೈಗೆ ಕೊಟ್ಟು ತೂಗಿ ನೋಡಿ ಅನ್ನಲಿ. ಕೈಯಲ್ಲಿ ಹಿಡಿದವರಿಗೆ ಅದು ಸುಡುವುದು ಬೇರೆಯೇ ಅನುಭವ.

ನಿಜವಾದ ಬೆಂಕಿ ಬೇಡವೇ ಬೇಡ. ಹಳೇ ಮನೆ, ದಪ್ಪ ಪರದೆ, ಕಿಕ್ಕಿರಿದ ಜನ. ನೀರಿನ ಮಂಜು ಉಗುಳುವ ಯಂತ್ರದ ಮೇಲೆ ಕಿತ್ತಳೆ ಎಲ್‌ಇಡಿ ಬೆಳಕು ಹಾಯಿಸಿದರೆ ಉರಿ ಎದ್ದಂತೆಯೇ ಕಾಣುತ್ತದೆ. ಪೊಟ್ಟಣ ಎರಡು ಇರಲಿ. ಒಂದು ಹೊಸತು, ಇನ್ನೊಂದು ಮೊದಲೇ ಹೊರಗಡೆ ಸುಟ್ಟು ಕರಿ ಮಾಡಿ ತಂದದ್ದು. ಬೆಂಕಿಗೂಡಿನ ಹಿಂದಿನ ಕಿಂಡಿಯಿಂದ ಬದಲಾಯಿಸಿ.

ಪ್ರೇಕ್ಷಕರಲ್ಲಿ ಒಬ್ಬರು ಎದ್ದು ಹಣ ತೆಗೆಯಲು ಬಂದರೆ? ಬರುತ್ತಾರೆ, ಬರಬೇಕು ಕೂಡ. ತಡೆಯುವ ಮಾತು ಕಥೆಯಲ್ಲೇ ಇದೆ. ನಸ್ತಾಸ್ಯಾ ಉಳಿದವರೆಲ್ಲ ಹಿಂದೆ ಸರಿಯಿರಿ ಅನ್ನುತ್ತಾಳೆ. ರಗೋಜಿನ್ ಗುಂಪಿನ ಲೆಬೆದೆವ್ ಮಂಡಿಯ ಮೇಲೆ ತೆವಳಿ ಬೇಡಿಕೊಂಡಾಗಲೂ ಬಿಡುವುದಿಲ್ಲ. ಆ ಲೆಬೆದೆವ್ ಪಾತ್ರಧಾರಿಯನ್ನು ಬೆಂಕಿಗೂಡಿನ ಹತ್ತಿರವೇ ಇಡಿ, ಎದ್ದು ಬಂದವರಿಗೂ ಬೆಂಕಿಗೂ ಮಧ್ಯೆ ಅವನು ಬರಲಿ. ಹಾಡು ನಿಲ್ಲದೆ ಸುತ್ತು ಹಾಕುವಂತೆ ಎಂಟು ಮಾತ್ರೆಯ ಒಂದು ತುಂಡು ಬರೆದಿಟ್ಟುಕೊಳ್ಳಿ. ಗಲಾಟೆ ಎಷ್ಟು ಹೊತ್ತು ಆದರೂ ವಾದ್ಯದವರು ಅದನ್ನೇ ನುಡಿಸುತ್ತಿರಲಿ, ಗಾನ್ಯಾ ಹಣಕ್ಕೆ ಕೈ ಚಾಚದೆ ಕುಸಿದು ಬಿದ್ದಾಗ ಮಾತ್ರ ಮುಂದಕ್ಕೆ ಹೋಗಲಿ.

ಹೆಜ್ಜೆ 8: ಮುಟ್ಟುವುದು, ತಿನ್ನಿಸುವುದು

ಟಿಕೆಟ್ ಮಾರುವಾಗಲೇ ಹೇಳಿ: ನಟರು ಹತ್ತಿರ ಬರುತ್ತಾರೆ, ಮಾತಾಡಿಸುತ್ತಾರೆ. ಮಾತಾಡಿಸುವುದು ಬೇಡ ಅನ್ನುವವರಿಗೆ ಕಾತ್ಯಾ ಒಂದು ಬಿಳಿ ಕರವಸ್ತ್ರ ಕೊಡಲಿ, ಅದು ಕಂಡವರನ್ನು ನಟರು ಬಿಟ್ಟು ಮುಂದೆ ಹೋಗಲಿ. ಕೇಳದೆ ಯಾರನ್ನೂ ಮುಟ್ಟಬಾರದು. ಪ್ರೇಕ್ಷಕರು ನಟಿಯರನ್ನು ಮುಟ್ಟಿದರೆ ಏನು ಮಾಡಬೇಕು ಅನ್ನುವುದನ್ನೂ ತಾಲೀಮು ಮಾಡಿ. ಒಂದು ಗುಟ್ಟಿನ ಮಾತು ಇರಲಿ, ಅದನ್ನು ಆಡಿದ ಕೂಡಲೇ ಹತ್ತಿರದ ಸ್ವಯಂಸೇವಕರು ಬರಬೇಕು. ಈ ಕಥೆಯೇ ಹೆಣ್ಣೊಬ್ಬಳನ್ನು ಗಂಡಸರು ಹರಾಜಿಗಿಟ್ಟ ಕಥೆ. ಆ ಪಾತ್ರ ಮಾಡುವವಳಿಗೆ ರಕ್ಷಣೆ ಕೊಡದೆ ಅದನ್ನು ಆಡಲು ನಮಗೆ ಹಕ್ಕಿಲ್ಲ.

ತಿಂಡಿ ಕೊಟ್ಟರೆ ಏನೇನು ಹಾಕಿದ್ದೀರಿ ಅಂತ ಬರೆದಿಡಿ. ನಿಲ್ಲಲಾಗದವರಿಗೆ ಒಳ್ಳೆಯ ಕಡೆ ಕುರ್ಚಿ ಕಾಯ್ದಿಡಿ. ಗಾಲಿಕುರ್ಚಿ ತಿರುಗುವಷ್ಟು ದಾರಿ ಬಿಡಿ.

ಹೆಜ್ಜೆ 9: ಜನರನ್ನು ಕೂರಿಸಿಯೇ ತಾಲೀಮು

ಖಾಲಿ ಕೋಣೆಯ ತಾಲೀಮು ಸುಳ್ಳು ಹೇಳುತ್ತದೆ. ಮೊದಲ ವಾರದಿಂದಲೇ ಕುರ್ಚಿಗಳ ಮೇಲೆ ಚೀಲ, ಕೋಟು ಇಟ್ಟು ನಡೆಯಿರಿ. ಮಧ್ಯದಲ್ಲಿ ಹತ್ತು ಜನ ಗೆಳೆಯರನ್ನು ಕರೆಯಿರಿ, ಕೊನೆಯಲ್ಲಿ ಪೂರ್ತಿ ಐವತ್ತು. ಕಾದಂಬರಿ ಓದದವರನ್ನೇ ಕರೆಯಿರಿ. ಆಟ ಮುಗಿದ ಮೇಲೆ 'ಚೆನ್ನಾಗಿತ್ತಾ' ಅಂತ ಕೇಳಬೇಡಿ. ಗಾನ್ಯಾ ಯಾರು, ಅವನು ಕೈ ಯಾಕೆ ಚಾಚಲಿಲ್ಲ, ನೀವು ಎಲ್ಲಿ ಕೂತಿದ್ದಿರಿ, ಯಾವ ಹಾಡಿನ ಮಾತು ಕೇಳಲಿಲ್ಲ ಅಂತ ಕೇಳಿ. ಉತ್ತರವನ್ನು ಕೋಣೆಯ ನಕ್ಷೆಯ ಮೇಲೆ ಗುರುತು ಹಾಕಿ. ಎರಡೇ ಸಲಕ್ಕೆ ಯಾವ ಮೂಲೆಗೆ ಹಾಡು ಮುಟ್ಟುತ್ತಿಲ್ಲ ಅಂತ ಗೊತ್ತಾಗಿಬಿಡುತ್ತದೆ.

ಕೊನೆಗೆ ಜನರನ್ನು ಹೊರಗೆ ಕಳಿಸುವ ಬಗೆ. ಕಥೆಯಲ್ಲಿ ನಸ್ತಾಸ್ಯಾ ರಗೋಜಿನ್ ಜೊತೆ ಗಾಡಿ ಹತ್ತಿ ಹೊರಟುಹೋಗುತ್ತಾಳೆ, ಮಿಶ್ಕಿನ್ ಹಿಂದೆ ಓಡುತ್ತಾನೆ. ಪ್ರೇಕ್ಷಕರನ್ನು ಅವರ ಹಿಂದೆ ಮೆಟ್ಟಿಲ ಮೇಲೆ ನುಗ್ಗಲು ಬಿಡಬೇಡಿ, ಕತ್ತಲಲ್ಲಿ ಬೀಳುತ್ತಾರೆ. ಹಜಾರದ ಕಿಟಕಿಗಳನ್ನು ತೆರೆದು ಗಾಡಿಯ ಗಂಟೆ, ಗುಂಪಿನ ಹಾಡು ಹೊರಗಿನಿಂದ ಕೇಳುವಂತೆ ಮಾಡಿ. ಒಳಗೆ ಗಾನ್ಯಾ ಬಿದ್ದಿರುತ್ತಾನೆ, ಪಕ್ಕದಲ್ಲಿ ಅಂಚು ಸುಟ್ಟ ಪೊಟ್ಟಣ. ಸದ್ದು ನಿಂತ ಮೇಲೆ ಕಾತ್ಯಾ ದೀಪ ಹಚ್ಚಿ, ಕೋಟುಗಳನ್ನು ತಂದು ಒಬ್ಬೊಬ್ಬರಿಗೇ ಕೊಡುತ್ತಾ ಎರಡೂ ಬಾಗಿಲಿಂದ ಕಳಿಸಲಿ. ನಟರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ನಮಸ್ಕಾರ ಹೇಳಲಿ. ಐವತ್ತು ಜನ ಹೊರಬರಲು ಹತ್ತು ನಿಮಿಷ ಬೇಕು. ಒಂದೇ ಸಂಜೆ ಎರಡು ಆಟ ಇಟ್ಟರೆ ನಡುವೆ ಒಂದೂವರೆ ಗಂಟೆ ಬಿಡಿ. ಪೊಟ್ಟಣ ಕಟ್ಟಬೇಕು, ವಾದ್ಯ ಶ್ರುತಿ ಮಾಡಬೇಕು, ನಸ್ತಾಸ್ಯಾ ಪಾತ್ರ ಮಾಡಿದವಳು ಊಟ ಮಾಡಿ ಸ್ವಲ್ಪ ಹೊತ್ತು ಮಲಗಬೇಕು.